ಅಂತರಶಿಸ್ತೀಯ ಪದವಿಗೆ ಕಾಲೇಜು ಆರಿಸುವಾಗ

ಮಕ್ಕಳು ಅಂತರಶಿಸ್ತೀಯ ಅಧ್ಯಯನದಲ್ಲಿ, ಅಂದರೆ ಹಲವು ವಿಷಯಗಳನ್ನು ಬೆಸೆದು ಓದುವ ಕೋರ್ಸಿನಲ್ಲಿ, ಪದವಿ ಮಾಡುತ್ತೇವೆ ಎಂದಾಗ, ಅಮೆರಿಕದಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗ ತಂದೆತಾಯಂದಿರು ಮೊದಲು ನೋಡುವುದು ಕಾಲೇಜಿನ ರ‍್ಯಾಂಕಿಂಗನ್ನು. ಈ ಪದವಿಯ ಮಟ್ಟಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ ಎಂಬುದು ನನ್ನ ಅನಿಸಿಕೆ, ಏಕೆಂದರೆ ಇಲ್ಲಿ ಒಂದೇ ಹೆಸರಿನಲ್ಲಿ ತೀರ ಬೇರೆ ಬೇರೆ ಶಿಕ್ಷಣ ದೊರೆಯುತ್ತದೆ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಇದು, ಮೇಜರ್ (ಮುಖ್ಯ ವಿಷಯ) ಬದಲಾಯಿಸುತ್ತ ಅಲ್ಲಿಷ್ಟು ಇಲ್ಲಿಷ್ಟು ಕ್ರೆಡಿಟ್ ಕೂಡಿಸಿಕೊಂಡವರು ಹೇಗೋ ಪದವಿ ಮುಗಿಸಲು ಇರುವ ದಾರಿ. ಅವರಿಗೆ ಅದು ಉಪಕಾರವೇ. ಆದರೆ ಹದಿನೆಂಟರ ವಯಸ್ಸಿನಲ್ಲಿ ದುಬಾರಿ ಶುಲ್ಕ ಕಟ್ಟಿ ಅಲ್ಲಿಗೇ ಸೇರುವುದು ವಿವೇಕವಲ್ಲ.

ಆದ್ದರಿಂದ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಯಿಂದ ಏನನ್ನು ನಿರೀಕ್ಷಿಸುತ್ತಾರೆ ಎಂಬುದನ್ನು ಮೊದಲು ವಿಚಾರಿಸಬೇಕು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ, ಹಲವು ವಿಭಾಗಗಳ ಕೋರ್ಸುಗಳನ್ನು ತನ್ನದೇ ಸಂಶೋಧನಾ ಪ್ರಶ್ನೆಯ ಸುತ್ತ ಜೋಡಿಸಿಕೊಂಡ ವಿದ್ಯಾರ್ಥಿ ಕೊನೆಗೆ ಪ್ರಬಂಧವೊಂದನ್ನು ಬರೆಯಲೇಬೇಕು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗ್ಯಾಲಟಿನ್ ಶಾಲೆಯಲ್ಲಿ, ತಾನೇ ಸಿದ್ಧಪಡಿಸಿದ ಪುಸ್ತಕಗಳ ಪಟ್ಟಿಯ ಮೇಲೆ ಅಧ್ಯಾಪಕರೊಡನೆ ಚರ್ಚೆಗೆ ಕುಳಿತು ತೇರ್ಗಡೆಯಾಗಬೇಕು. ವಾಷಿಂಗ್ಟನ್ ರಾಜ್ಯದ ಎವರ್‌ಗ್ರೀನ್ ಕಾಲೇಜಿನಲ್ಲಿ ಬೇರೆ ಬೇರೆ ವಿಷಯಗಳ ಅಧ್ಯಾಪಕರು ಸೇರಿ ಒಂದೇ ತರಗತಿ ನಡೆಸುತ್ತಾರೆ, ಅಂಕಗಳ ಬದಲು ವಿದ್ಯಾರ್ಥಿಯ ಕೆಲಸವನ್ನು ವಿವರವಾಗಿ ಬರೆದುಕೊಡುತ್ತಾರೆ. ಅಂಕಪಟ್ಟಿಯಿಲ್ಲದ ಪದವಿ ಎಂದರೆ ನಮ್ಮವರಿಗೆ ದಿಗಿಲು, ನನಗೂ ಇಲ್ಲದಿಲ್ಲ. ಆದರೂ ಈ ಮೂರರಲ್ಲಿ ನನಗೆ ಹೆಚ್ಚು ಒಪ್ಪಿಗೆಯಾದದ್ದು ಅದೇ, ಏಕೆಂದರೆ ವಿಷಯಗಳನ್ನು ಬೆಸೆಯುವ ಕಷ್ಟವನ್ನು ಅಲ್ಲಿ ಅಧ್ಯಾಪಕರೇ ಮೊದಲು ಹೊರುತ್ತಾರೆ.

ಕರ್ನಾಟಕದಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ), ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ), ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ಎಂದು ಮೂರು ವಿಷಯಗಳನ್ನು ಸಮಸಮವಾಗಿ ಓದಿದ ನಮ್ಮ ತಲೆಮಾರಿಗೆ ಹರವೇನೂ ಕಡಿಮೆ ಇರಲಿಲ್ಲ; ಒಂದೇ ವಿಷಯಕ್ಕೆ ಒತ್ತು ಕೊಡುವ ದೆಹಲಿಯ ಆನರ್ಸ್ ಪದವಿಗಿಂತ ಅದು ಹೆಚ್ಚೇ ಇತ್ತು. ಆದರೆ ಇತಿಹಾಸದ ಮೇಷ್ಟ್ರು ಹೇಳಿದ ರೈತವಾರಿ ಪದ್ಧತಿಗೂ (ರೈತರಿಂದಲೇ ನೇರವಾಗಿ ಭೂಕಂದಾಯ ಪಡೆಯುವ ಕ್ರಮ) ಅರ್ಥಶಾಸ್ತ್ರದ ಮೇಷ್ಟ್ರು ಹೇಳಿದ ಗ್ರಾಮೀಣ ಸಾಲಕ್ಕೂ ಏನಾದರೂ ನಂಟಿದೆಯೇ ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳುತ್ತಿರಲಿಲ್ಲ, ಮತ್ತು ಯಾವ ವಿಷಯದೊಡನೆ ಯಾವುದನ್ನು ಓದಬಹುದು ಎಂಬುದನ್ನು ಕಾಲೇಜಿನ ಟೈಮ್‌ಟೇಬಲ್ಲೇ ತೀರ್ಮಾನಿಸಿಬಿಡುತ್ತಿತ್ತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದ್ದಾಯಿತು. ವರ್ಷಗಳ ಲೆಕ್ಕದ ಈ ಜಗ್ಗಾಟದಲ್ಲಿ, ವಿಷಯಗಳನ್ನು ಒಂದಕ್ಕೊಂದು ಕೂಡಿಸುವ ಹೊಣೆ ಯಾರದೆಂಬ ಪ್ರಶ್ನೆ ಮೂಲೆಗೆ ಬಿತ್ತು.

ಭಾರತಕ್ಕೆ ಮರಳಿ ಎಂ.ಎ. ಅಥವಾ ಎಂ.ಎಸ್ಸಿ. ಮಾಡುವ ಯೋಚನೆಯಿರುವವರು ಒಂದು ವಿಷಯವನ್ನಾದರೂ ಗಟ್ಟಿಯಾಗಿ ಓದಿರುವುದು ಕ್ಷೇಮ, ಏಕೆಂದರೆ ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಪದವಿಯಲ್ಲಿ ಆ ವಿಷಯವನ್ನು ಓದಿರಬೇಕೆಂದು ಬಯಸುತ್ತವೆ. ಉಳಿದಂತೆ, ಕಾಲೇಜು ನೋಡಲು ಹೋದಾಗ ಒಬ್ಬ ಸಲಹೆಗಾರರ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳಿದ್ದಾರೆ ಎಂದು ಕೇಳಿ. ಹಿಂದಿನ ವಿದ್ಯಾರ್ಥಿಗಳ ಪ್ರಬಂಧಗಳನ್ನು ಓದಲು ಕೊಡುವಿರಾ ಎಂದೂ ಕೇಳಿ. ತೋರಿಸಲು ಒಂದೂ ಇಲ್ಲದ ಕಾಲೇಜನ್ನು, ಅದರ ರ‍್ಯಾಂಕ್ ಎಷ್ಟೇ ಇರಲಿ, ನಾನಾದರೆ ಪಟ್ಟಿಯಿಂದ ತೆಗೆದುಬಿಡುತ್ತೇನೆ.