ಹೆಬ್ಬೆಟ್ಟಿಗೆ ಎಟುಕದ ಫೋನು

ಹಿರಿಯರ ಕಾಲಿಗೆ ಬೀಳುವಾಗ ಈಗೀಗ ನಮಗಿಂತ ಮೊದಲು ನಮ್ಮ ಫೋನು ಬೀಳುತ್ತದೆ. ಹೋದ ತಿಂಗಳು ಒಂದು ಗೃಹಪ್ರವೇಶದಲ್ಲಿ ನನ್ನ ಷಡ್ಡಕ ದೊಡ್ಡಪ್ಪನವರಿಗೆ ನಮಸ್ಕಾರ ಮಾಡಲು ಬಗ್ಗಿದ್ದೇ ತಡ, ಅಂಗಿ ಜೇಬಿನಿಂದ ಹಲಗೆಯಂಥ ಫೋನು ಜಾರಿ ಸೀದಾ ಅವರ ಕಾಲಿನ ಹೆಬ್ಬೆರಳಿನ ಮೇಲೆ ಕೂತಿತು. ಆಶೀರ್ವಾದಕ್ಕೆಂದು ತೆರೆದಿದ್ದ ಬಾಯಿಂದ ಬೇರೇನೋ ಬಂತು. ಪುಣ್ಯಕ್ಕೆ ವಾಲಗದವರು ಜೋರಾಗಿ ಊದುತ್ತಿದ್ದರು. ಷಡ್ಡಕ ಮೊದಲು ಫೋನಿನ ಗಾಜು ನೋಡಿದ, ಆಮೇಲೆ ದೊಡ್ಡಪ್ಪನವರ ಉಗುರು.

ಅದೇ ಮನುಷ್ಯ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತ. ಬಲಗೈ ಎಲೆಯಲ್ಲಿ, ಒಂಟಿ ಎಡಗೈಗೆ ಫೋನಿನ ಭಾರ ಒಗ್ಗದು. ನೀರಿನ ಬಾಟಲಿಗೆ ಅದನ್ನು ಒರಗಿಸಿಟ್ಟು ನಿಟ್ಟುಸಿರು ಬಿಟ್ಟ.

“ಏನೇ ಹೇಳಿ ಭಾವ, ಆ ಚಿಕ್ಕ ಫೋನಿನ ಸುಖವೇ ಬೇರೆ. ಜೇಬಲ್ಲಿ ಇದೆಯೋ ಇಲ್ವೋ ಅನ್ನೋ ಹಾಗಿರ್ತಿತ್ತು. ಪರದೆ ಕೆಳಗಿನ ಆ ಹೋಮ್ ಬಟನ್ನು, ಆ ಟಿಕ್ ಅನ್ನೋದು… ಈಗಿನವರಿಗೆ ಡಿಸೈನ್ ಅಂದ್ರೆ ಏನು ಅಂತಾನೇ ಗೊತ್ತಿಲ್ಲ.”

“ಮತ್ತೆ ಐಫೋನ್ ಮಿನಿ ಬಂದಾಗ ಯಾಕೆ ತಗೊಳ್ಳಲಿಲ್ಲ?”

“ಅಯ್ಯೋ, ಸ್ಕ್ರೀನ್ ಚಿಕ್ಕದು ಭಾವ.”

ಹೋಳಿಗೆಗೆ ತುಪ್ಪ ಬಂತು. ಮಾತು ಅಲ್ಲಿಗೇ ನಿಂತಿತು.

ಚಿಕ್ಕ ಫೋನು ಇವತ್ತು ರಾಗಿಮುದ್ದೆಯ ಸ್ಥಾನಕ್ಕೇರಿದೆ. ಮೈಕು ಸಿಕ್ಕಿದವರೆಲ್ಲ ಹೊಗಳುತ್ತಾರೆ. ಮೈಕಿಟ್ಟು ಬಂದವರೆಲ್ಲ ಗೋಬಿ ಮಂಚೂರಿ ಗಾಡಿಯ ಮುಂದೆ ತಟ್ಟೆ ಹಿಡಿದು ನಿಂತಿರುತ್ತಾರೆ. ಫೋನುಗಳ ವಿಮರ್ಶಕರು ಅಂತ ಒಂದು ಹೊಸ ವಿದ್ವತ್ ವರ್ಗ ಹುಟ್ಟಿಕೊಂಡಿದೆಯಲ್ಲ, ಅವರು ವರ್ಷಕ್ಕೊಮ್ಮೆ ತಪ್ಪದೆ ಈ ಶ್ರಾದ್ಧ ಮಾಡುತ್ತಾರೆ. ‘ಒಂದೇ ಕೈಯಲ್ಲಿ ಹಿಡಿಯುವ ಫೋನು ಎಲ್ಲಿ ಹೋಯಿತು?’ ಅಂತ ಗದ್ಗದರಾಗುತ್ತಾರೆ. ಎಲ್ಲಿ ಹೋಯಿತು ಅಂದರೆ, ನೀವು ಕೊಳ್ಳದೆ ಸತ್ತುಹೋಯಿತು ಸ್ವಾಮಿ.

ಈ ಅಳತೆಯ ಪುರಾಣ ಶುರುವಾಗುವುದೇ ಹೆಬ್ಬೆಟ್ಟಿನಿಂದ. ಆಪಲ್ ಕಂಪನಿಯ 2007ರ ಮೊದಲ ಐಫೋನಿನ ಪರದೆ ಮೂರೂವರೆ ಇಂಚು. 2010ರಲ್ಲಿ ಆ ಕಂಪನಿಯ ಮುಖ್ಯಸ್ಥ ಸ್ಟೀವ್ ಜಾಬ್ಸ್, ಕೈಯಲ್ಲಿ ಹಿಡಿಯಲಾಗದ ದೊಡ್ಡ ಫೋನುಗಳನ್ನು ಯಾರೂ ಕೊಳ್ಳುವುದಿಲ್ಲ ಅಂದುಬಿಟ್ಟರು. ಮರುವರ್ಷ ಸ್ಯಾಮ್‌ಸಂಗ್ 5.3 ಇಂಚಿನ ಗ್ಯಾಲಕ್ಸಿ ನೋಟ್ ತಂದಾಗ, ಕಿವಿಗೆ ಇಡ್ಲಿ ತಟ್ಟೆ ಹಿಡಿದ ಹಾಗಿದೆ ಅಂತ ನಕ್ಕವರಲ್ಲಿ ನಾನೂ ಒಬ್ಬ. 2012ರಲ್ಲಿ ಐಫೋನ್ 5 ಬಂತು, ನಾಲ್ಕು ಇಂಚು. ಅದರ ಜಾಹೀರಾತಿನಲ್ಲಿ ಹೆಬ್ಬೆರಳೇ ಹೀರೋ. ಪರದೆಯ ಈ ಮೂಲೆಯಿಂದ ಆ ಮೂಲೆಗೆ ಸಲೀಸಾಗಿ ಓಡಾಡಿ, ಮನುಷ್ಯನ ಹೆಬ್ಬೆರಳಿಗೆ ದೇವರು ಕೊಟ್ಟ ಉದ್ದಕ್ಕೂ ಈ ಫೋನಿಗೂ ಹೇಗೆ ತಾಳೆಯಾಗುತ್ತದೆ ಅಂತ ತೋರಿಸಿತು.

ಎರಡೇ ವರ್ಷ. 2014ರಲ್ಲಿ ಅದೇ ಕಂಪನಿ 4.7 ಮತ್ತು 5.5 ಇಂಚಿನ ಫೋನು ಬಿಟ್ಟಿತು. ಅಷ್ಟರಲ್ಲಿ ಮನುಷ್ಯನ ಹೆಬ್ಬೆರಳು ಬೆಳೆದಿರಲಿಲ್ಲ. ಅದಕ್ಕೂ ಒಂದು ಪರಿಹಾರ ಕಂಡುಹಿಡಿದರು. ಹೋಮ್ ಬಟನ್ನನ್ನು ಒತ್ತದೆ ಎರಡು ಸಲ ಮೆಲ್ಲಗೆ ಮುಟ್ಟಿದರೆ, ಮೇಲಿದ್ದದ್ದೆಲ್ಲ ಜಾರಿಕೊಂಡು ಪರದೆಯ ಅರ್ಧಕ್ಕೆ ಇಳಿದು ಬರುತ್ತದೆ! ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿ ಕೈಗೆ ಎಟುಕದೆ ಹೋದರೆ ನಮ್ಮಲ್ಲಿ ಮಣೆ ಹಾಕಿಕೊಂಡು ಹತ್ತುತ್ತೇವೆ. ಇವರು ಅಟ್ಟವನ್ನೇ ಇಳಿಸಿಕೊಟ್ಟರು. ಅಟ್ಟ ಅಷ್ಟು ಎತ್ತರಕ್ಕೆ ಕಟ್ಟಿದ್ದು ಯಾಕೆ ಅಂತ ಯಾರೂ ಕೇಳಲಿಲ್ಲ. ಎಲ್ಲರೂ ಇಳಿಯುವ ಚೆಂದ ನೋಡುತ್ತಿದ್ದರು.

ಆದರೂ ಜಗತ್ತಿನಲ್ಲಿ ಹಠಮಾರಿಗಳಿಗೆ ಬರವಿಲ್ಲ. 2015ರಲ್ಲಿ ನಾಲ್ಕು ಇಂಚಿನ ಐಫೋನುಗಳೇ 3 ಕೋಟಿ ಮಾರಾಟವಾಗಿದ್ದವು ಅಂತ ಕಂಪನಿಯೇ ಲೆಕ್ಕ ಕೊಟ್ಟಿತು. ಹಾಗಾಗಿ 2016ರ ಮಾರ್ಚ್‌ನಲ್ಲಿ ಐಫೋನ್ ಎಸ್‌ಇ ಹುಟ್ಟಿತು. ಮೈ ಹಳೆಯ 5ಎಸ್‌ನದು, ಒಳಗಿನ ಚಿಪ್ಪು ಆಗಿನ ಹೊಸ 6ಎಸ್‌ನದು. ತೂಕ 113 ಗ್ರಾಂ. ಹಳೇ ಮನೆಯ ಗೋಡೆಗೆ ಕೈ ಹಚ್ಚದೆ ಒಳಗೆ ವೈರಿಂಗ್ ಬದಲಾಯಿಸಿದ ಹಾಗೆ. ‘ಹಳೇ ಗಂಡನ ಪಾದವೇ ಗತಿ’ ಅಂತ ನಮ್ಮವರು ಬೇಸತ್ತು ಹೇಳುವ ಮಾತನ್ನೇ ಕಂಪನಿ ಹೆಮ್ಮೆಯ ಘೋಷಣೆ ಮಾಡಿಕೊಂಡಿತು. ಅಮೆರಿಕದಲ್ಲಿ 399 ಡಾಲರಿಗೆ ‘ಬಡವರ ಐಫೋನು’, ನಮ್ಮಲ್ಲಿ 39,000 ರೂಪಾಯಿ. ಇಲ್ಲಿ ಆ ದುಡ್ಡು ಹಾಕಬಲ್ಲ ಬಡವರು ಯಾವ ಬಡಾವಣೆಯವರೋ.

ಬೆಂಗಳೂರಿಗರು ಇಲ್ಲಿ ಸ್ವಲ್ಪ ಕಾಲರ್ ಎತ್ತಿಕೊಳ್ಳಬಹುದು. 2017ರಲ್ಲಿ ಭಾರತದಲ್ಲಿ ಜೋಡಣೆಯಾದ ಮೊಟ್ಟಮೊದಲ ಐಫೋನು ಇದೇ ಎಸ್‌ಇ, ಅದೂ ನಮ್ಮ ಪೀಣ್ಯದಲ್ಲಿ, ವಿಸ್ಟ್ರಾನ್ ಎಂಬ ತೈವಾನ್ ಕಂಪನಿಯ ಕೈಯಲ್ಲಿ. ಲಾರಿ, ಲೇತು, ಕಬ್ಬಿಣದ ಪುಡಿಯ ನಡುವಿನಿಂದ ಕ್ಯಾಲಿಫೋರ್ನಿಯಾದ ಸೊಗಸು ಹೊರಬಂತು ಅಂತ ನಾವು ಕುಣಿದೆವು. ಹೊರಬಂದದ್ದು ಮಾತ್ರ 2012ರ ಐಫೋನ್ 5ರ ಅಂಗಿ ತೊಟ್ಟಿತ್ತು. ದೊಡ್ಡಣ್ಣನ ಯೂನಿಫಾರ್ಮು ಚಿಕ್ಕ ತಮ್ಮನಿಗೆ ಬರುವುದು ನಮಗೇನು ಹೊಸದಲ್ಲವಲ್ಲ, ಖುಷಿಯಿಂದಲೇ ತೊಟ್ಟುಕೊಂಡೆವು.

ಹೆಬ್ಬೆಟ್ಟಿನ ವಿಷಯಕ್ಕೆ ಮತ್ತೆ ಬರೋಣ. ನಮ್ಮ ಅಜ್ಜಿ ಓದಿದವಳಲ್ಲ. ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ನೀಲಿ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು ತಲೆ ತಗ್ಗಿಸಿ ಬರುತ್ತಿದ್ದಳು. ‘ಹೆಬ್ಬೆಟ್ಟು’ ಅಂದರೆ ಆಗ ಬೈಗುಳ. ಅವಳ ಮಗ ಸಹಿ ಹಾಕಲು ಕಲಿತ. ಪೆನ್ನು ಜೇಬಿಗೆ ಸಿಕ್ಕಿಸಿ ಬೀಗಿದ. ಮೊಮ್ಮಗ ನಾನು, ಎರಡು ಡಿಗ್ರಿ ಮಾಡಿ, ನಲವತ್ತು ಸಾವಿರ ಕೊಟ್ಟು, ಮತ್ತೆ ಹೆಬ್ಬೆಟ್ಟು ಒತ್ತಲು ಕಲಿತೆ. 2013ರಲ್ಲಿ ಐಫೋನಿನ ಬಟನ್ನಿಗೆ ಬೆರಳ ಗುರುತು ಹಿಡಿಯುವ ಬುದ್ಧಿ ಬಂದಾಗಿನಿಂದ ಓದಿದವರೆಲ್ಲ ಹೆಬ್ಬೆಟ್ಟುಗಳೇ.

ಆಮೇಲೆ ಆ ಬೆರಳಿಗೂ ಹಳತು ಅಂತ ಹಣೆಪಟ್ಟಿ ಬಿತ್ತು. ಮುಖ ನೋಡಿ ಬೀಗ ತೆಗೆಯುವ ಫೋನು ಬಂತು. ಬಟನ್ನು ಇಟ್ಟುಕೊಂಡವರನ್ನು ಗೂನುಬೆನ್ನಿನ ಟಿ.ವಿ. ಇಟ್ಟುಕೊಂಡವರ ಹಾಗೆ ನೋಡುವುದು ಶುರುವಾಯಿತು. ಅಷ್ಟರಲ್ಲಿ ಬಂತು 2020. ಏಪ್ರಿಲ್‌ನಲ್ಲಿ ಎರಡನೇ ಎಸ್‌ಇ ಬಿಟ್ಟಾಗ ಇಡೀ ಲೋಕ ಮುಖಕ್ಕೆ ಬಟ್ಟೆ ಕಟ್ಟಿಕೊಂಡಿತ್ತು. ಲಕ್ಷ ಕೊಟ್ಟವರ ಫೋನು ಯಜಮಾನನ ಗುರುತೇ ಹಿಡಿಯದೆ ದಿನಸಿ ಅಂಗಡಿ ಮುಂದೆ ನಾಲ್ಕು ಜನರೆದುರು ‘ಯಾರು ನೀನು?’ ಅಂತ ಕೇಳುತ್ತಿತ್ತು. ಹಳೇ ಬಟನ್ನಿನವನು ಹೆಬ್ಬೆಟ್ಟು ಒತ್ತಿ, ದುಡ್ಡು ಕೊಟ್ಟು, ತೊಗರಿಬೇಳೆ ತಗೊಂಡು ಹೋಗುತ್ತಿದ್ದ. ಮಾಸ್ಕು ಹಾಕಿದ ಮುಖವನ್ನು ಐಫೋನು ಗುರುತಿಸಲು ಕಲಿತದ್ದು 2022ರ ಮಾರ್ಚ್‌ನಲ್ಲಿ, ಜನ ಮಾಸ್ಕು ಬಿಸಾಡತೊಡಗಿದ ಹೊತ್ತಿಗೆ.

ಆದರೆ ನನ್ನ ಷಡ್ಡಕ ಕಣ್ಣೀರಿಡುತ್ತಾನಲ್ಲ, ಆ ‘ಟಿಕ್’, ಅದರ ಕಥೆ ಇನ್ನೂ ಸ್ವಾರಸ್ಯ. ಮೊದಲ ಎಸ್‌ಇಯ ಬಟನ್ನು ನಿಜವಾಗಿ ಒಳಗೆ ಹೋಗಿ ಹೊರಗೆ ಬರುತ್ತಿತ್ತು. 2020 ಮತ್ತು 2022ರ ಎಸ್‌ಇಗಳಲ್ಲಿ ಇರುವುದು ಬಟನ್ನೇ ಅಲ್ಲ. ಅಲುಗದ ಒಂದು ಬಿಲ್ಲೆ. ಒತ್ತಿದಾಗ ಒಳಗಿನ ಪುಟ್ಟ ಮೋಟಾರು ಒಮ್ಮೆ ಮಿಡಿದು, ಒತ್ತಿದೆ ಅಂತ ಹೆಬ್ಬೆಟ್ಟಿಗೆ ಸುಳ್ಳು ಹೇಳುತ್ತದೆ. ನಂಬಿಕೆ ಬರದಿದ್ದರೆ ಫೋನನ್ನು ಪೂರ್ತಿ ಆರಿಸಿ ಒತ್ತಿ ನೋಡಿ. ಟಿಕ್ಕೂ ಇಲ್ಲ, ಟಕ್ಕೂ ಇಲ್ಲ. ಹಳೆಯ ವಿನ್ಯಾಸದ ಆತ್ಮ ಈ ಗುಂಡಿಯಲ್ಲಿದೆ ಅಂತ ಪುಟಗಟ್ಟಲೆ ಬರೆದವರು ಹೊಗಳಿದ್ದು ಗುಂಡಿಯ ವೇಷ ಹಾಕಿದ್ದ ಮೋಟಾರನ್ನು. (ಬೆಂಗಳೂರಿನವರಿಗೆ ‘ಗುಂಡಿ’ ಅಂದರೆ ನೆನಪಾಗುವುದೇ ಬೇರೆ. ಆ ಗುಂಡಿಗಳಲ್ಲಿ ಮಾತ್ರ ಯಾವ ನಟನೆಯೂ ಇಲ್ಲ.)

ಚಿಕ್ಕದು ಬೇಕು, ಆದರೆ ಹಳೇ ಮೈ ಬೇಡ ಅಂದವರಿಗೂ ಒಮ್ಮೆ ಬಾಗಿಲು ತೆರೆದಿತ್ತು. 2020ರಲ್ಲಿ 12 ಮಿನಿ, ಮರುವರ್ಷ 13 ಮಿನಿ, 5.4 ಇಂಚು. ಕೇಳಿದ್ದನ್ನೆಲ್ಲ ಕೊಟ್ಟಿದ್ದರು. ಆಗ ಎದ್ದಿತು ನೋಡಿ ತಕರಾರು. ಬ್ಯಾಟರಿ ಸಾಲದು. ಬೆಲೆ ಜಾಸ್ತಿ. ಟೈಪು ಮಾಡಿದರೆ ಒಂದು ಅಕ್ಷರಕ್ಕೆ ಮೂರು ಬೀಳುತ್ತವೆ. 2022ರಲ್ಲಿ ಮಿನಿಯ ಜಾಗಕ್ಕೆ 6.7 ಇಂಚಿನ ಪ್ಲಸ್ ಬಂತು. ತಕ್ಷಣ ಶ್ರದ್ಧಾಂಜಲಿ ಲೇಖನಗಳು. ಅದೇ ವರ್ಷ ಪೆಬಲ್ ವಾಚು ಮಾಡಿದ್ದ ಎರಿಕ್ ಮಿಗಿಕೊವ್‌ಸ್ಕಿ, ಆಂಡ್ರಾಯ್ಡಿನಲ್ಲಾದರೂ ಒಂದು ಚಿಕ್ಕ ಫೋನು ಮಾಡಿ ಅಂತ ಸಹಿ ಸಂಗ್ರಹಕ್ಕೆ ಇಳಿದರು. ಸಹಿ ಹಾಕುವುದಕ್ಕೆ ದುಡ್ಡು ಬೇಕಾಗಿರಲಿಲ್ಲವಲ್ಲ, ಜನ ಸಾಲುಗಟ್ಟಿದರು. ನನ್ನ ಗುಮಾನಿ, ಅದರಲ್ಲಿ ಮುಕ್ಕಾಲು ಪಾಲು ಸಹಿ ಬಿದ್ದದ್ದು ದೊಡ್ಡ ಪರದೆಯ ಮೇಲೆ.

ಒಂದು ಕೈ ಯಾಕೆ ಖಾಲಿ ಇರಬೇಕು ಅನ್ನುವುದು ಅಮೆರಿಕದವರಿಗೆ ಅರ್ಥವಾಗದಿದ್ದರೆ ಹೋಗಲಿ. ನಮಗೇನಾಗಿದೆ? ದರ್ಶಿನಿಯಲ್ಲಿ ನಿಂತು ಬೈಟೂ ಕಾಫಿ ಕುಡಿಯುವವನಿಗೆ ಇರುವುದು ಒಂದೇ ಕೈ. ಬಿಎಂಟಿಸಿ ಬಸ್ಸಿನಲ್ಲಿ ಕಂಬಿಗೆ ನೇತುಬಿದ್ದವನಿಗೂ ಒಂದೇ. ಕಂಡಕ್ಟರು ಕ್ಯೂಆರ್ ಕೋಡು ಮುಂದೆ ಹಿಡಿದು “ಬೇಗ ಮಾಡಿ ಸಾರ್, ಸ್ಟೇಜ್ ಬಂತು” ಅನ್ನುತ್ತಾನೆ. ಇವನು ಕಂಬಿ ಬಿಟ್ಟು ಎರಡೂ ಕೈಯಲ್ಲಿ ಫೋನು ಹಿಡಿದು ಪಾಸ್‌ವರ್ಡ್ ಒತ್ತುವಾಗ ಡ್ರೈವರು ಬ್ರೇಕು ಒತ್ತುತ್ತಾನೆ. ಹೆಂಗಸರ ಪಾಡು ಕೇಳಲೇಬೇಡಿ. ಅವರ ಪ್ಯಾಂಟಿನ ಜೇಬು ಅನ್ನುವುದು ಬಟ್ಟೆಯ ಮೇಲೆ ಹೊಲಿದ ಸುಳ್ಳು, ಎರಡು ಬೆರಳು ಹೋದರೆ ಹೆಚ್ಚು. ಇನ್ನು ಮಲಗಿ ಓದುವ ಅಭ್ಯಾಸವಿದ್ದವರಿಗೆ 227 ಗ್ರಾಂ ತೂಕದ ಐಫೋನ್ 16 ಪ್ರೊ ಮ್ಯಾಕ್ಸ್ ನಿದ್ದೆಗಣ್ಣಲ್ಲಿ ಕೈಜಾರಿದರೆ ಬೀಳುವುದು ಮೂಗಿನ ಮೇಲೆ. ಮೂಗಿಗಿಂತ ಮೂಗುತಿ ಭಾರ ಅಂತ ಗಾದೆ ಕಟ್ಟಿದವರು ಇಷ್ಟು ದೂರ ಯೋಚಿಸಿರಲಿಕ್ಕಿಲ್ಲ.

ಜೇಬಿನ ಕಷ್ಟಕ್ಕೂ ಮದ್ದಿದೆ, ದುಡ್ಡಿರಬೇಕು ಅಷ್ಟೆ. ದೊಡ್ಡ ಫೋನನ್ನೇ ಮಧ್ಯಕ್ಕೆ ಮಡಚಿ ಇಟ್ಟುಕೊಳ್ಳುವುದು. ಸ್ಯಾಮ್‌ಸಂಗಿನ ಮೊದಲ ಝಡ್ ಫ್ಲಿಪ್ 2020ರಲ್ಲಿ ನಮ್ಮಲ್ಲಿ 1,09,999 ರೂಪಾಯಿಗೆ ಬಂತು. ಮೊದಲು ಹಿಗ್ಗಿಸಲು ಒಂದಷ್ಟು ದುಡ್ಡು, ಆಮೇಲೆ ಕುಗ್ಗಿಸಲು ಇನ್ನಷ್ಟು.

2025ರ ಫೆಬ್ರವರಿಯಲ್ಲಿ ಎಸ್‌ಇ ತೀರಿಕೊಂಡಿತು, ಅದರ ಜೊತೆಗೆ ಐಫೋನಿನ ಹೋಮ್ ಬಟನ್ನೂ. ಯುರೋಪಿನಲ್ಲಂತೂ ಎರಡು ತಿಂಗಳು ಮೊದಲೇ ಅಂಗಡಿಯಿಂದ ಎತ್ತಿದ್ದರು; ಎಲ್ಲ ಫೋನಿಗೂ ಒಂದೇ ಥರದ ಚಾರ್ಜರು ಇರಬೇಕು ಅನ್ನುವ ಅಲ್ಲಿನ ಕಾನೂನಿಗೆ ಅದರ ತೂತು ಹೊಂದಲಿಲ್ಲ. ಜಾಗಕ್ಕೆ ಬಂದ ಐಫೋನ್ 16ಇ ಅಳತೆ 6.1 ಇಂಚು, ಬೆಲೆ 59,900. ಗ್ಯಾಲಕ್ಸಿ ನೋಟನ್ನು ನೋಡಿ ಇಡ್ಲಿ ತಟ್ಟೆ ಅಂತ ನಕ್ಕೆವಲ್ಲ, ಆಗ ಅದರ ಪರದೆ 5.3. ಈಗ 6.1 ಅಂದರೆ ‘ಕಾಂಪ್ಯಾಕ್ಟ್’. ನಾವು ಚಿಕ್ಕವರಿದ್ದಾಗ ಚೌಚೌಬಾತಿಗೆ ಬರುತ್ತಿದ್ದ ತಟ್ಟೆಯನ್ನು ಈಗ ಚಟ್ನಿ ಬಟ್ಟಲು ಅನ್ನುತ್ತಿದ್ದಾರೆ.

ಇಷ್ಟೆಲ್ಲ ಕಂಡವನು ನಾನು ಏನು ಮಾಡಿದೆ ಅಂತ ಕೇಳಬೇಡಿ. ಸರಿ, ಕೇಳಿದಿರಿ. ನನ್ನ ಚಿಕ್ಕ ಫೋನಿಗೂ ವಯಸ್ಸಾಗಿತ್ತು. ಅಂಗಡಿಗೆ ಹೋಗಿ, ಎದೆ ಸೆಟೆಸಿ, “ಒಂದು ಕೈಗೆ ಸಿಗೋದು ತೋರಿಸಪ್ಪ” ಅಂದೆ. ಹುಡುಗ ಗೌರವದಿಂದಲೇ ಒಂದನ್ನು ತಂದ.

“ಇದೇ ಸಾರ್ ಇರೋದ್ರಲ್ಲಿ ಚಿಕ್ಕದು. ಒಂದು ಆರು ಸಾವಿರ ಹಾಕಿಬಿಟ್ರೆ ದೊಡ್ಡದೇ ಬರುತ್ತೆ, ಬ್ಯಾಟರಿನೂ ಜಾಸ್ತಿ.” ಆಮೇಲೆ ನನ್ನ ಕನ್ನಡಕವನ್ನು ಒಂದು ಗಳಿಗೆ ನೋಡಿ, ದನಿ ತಗ್ಗಿಸಿ, “ಅಕ್ಷರಾನೂ ಚೆನ್ನಾಗಿ ಕಾಣುತ್ತೆ ಸಾರ್” ಅಂದ.

ಆರು ಸಾವಿರ ಹಾಕಿದೆ.

ನನ್ನ ಹಳೇ ಚಿಕ್ಕದು ಅಮ್ಮನ ಪಾಲಾಯಿತು. ಅವರ ಹೆಬ್ಬೆಟ್ಟನ್ನು ಅದಕ್ಕೆ ಪರಿಚಯ ಮಾಡಿಸೋಣ ಅಂತ ಹತ್ತು ಸಲ ಒತ್ತಿಸಿದೆ. ಅರುವತ್ತು ವರ್ಷ ಪಾತ್ರೆ ಉಜ್ಜಿ, ಹುಣಸೆಹಣ್ಣು ಕಿವುಚಿ ನವೆದ ಬೆರಳು, ಗೆರೆಗಳೇ ಉಳಿದಿಲ್ಲ. “ರೇಷನ್ ಅಂಗಡಿ ಮಿಷನ್ನಲ್ಲೂ ಹಿಂಗೇ ಕಣೋ. ಸೆರಗಲ್ಲಿ ಒರೆಸಿ ಒರೆಸಿ ಒತ್ತಬೇಕು. ನಾಲ್ಕು ಅಂಕಿ ಹಾಕಿಕೊಟ್ಟುಬಿಡು, ನೆನಪಿಟ್ಕೋತೀನಿ” ಅಂದರು. ಹಾಕಿಕೊಟ್ಟೆ. ಅದನ್ನು ತಿರುವಿ ಮುರುವಿ ನೋಡಿ, ಎಲೆಅಡಿಕೆ ಸಂಚಿಗೆ ಇಳಿಬಿಟ್ಟು ದಾರ ಎಳೆದರು. ಸುಣ್ಣದ ಡಬ್ಬಿಯ ಪಕ್ಕ ಹೇಳಿ ಮಾಡಿಸಿದ ಹಾಗೆ ಕೂತಿತು.

ಹಬ್ಬದ ಬಿಡುವಿನಲ್ಲಿ ಅವರ ಜೊತೆ ಕೂತು ಮಾತಾಡುತ್ತ ನನ್ನ ಹೊಸದನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟು ಕೈ ತೊಳೆಯಲು ಹೋಗಿದ್ದೆ. ಬಂದು ನೋಡಿದರೆ ಅದರ ಮೇಲೆ ಹಬೆಯಾಡುವ ಎರಡು ಲೋಟ ಕಾಫಿ.

“ಮೇಜಿಗೆ ಕಲೆ ಆಗುತ್ತೆ ಅಂತ ಇಟ್ಟೆ ಕಣೋ. ಎರಡು ಲೋಟಕ್ಕೂ ಜಾಗ ಸರಿಯಾಗಿದೆ. ಎಲ್ಲಿ ಸಿಕ್ತು ಈ ಮಣೆ?”