ಕಿವಿಗೊಂದು ದಿಂಬು

ಹೆಡ್‌ಫೋನ್ ತಗೊಳೋವಾಗ ನಾವೆಲ್ಲ ಡ್ರೈವರ್, ಅಂದ್ರೆ ಒಳಗಿನ ಪುಟ್ಟ ಸ್ಪೀಕರ್, ಎಷ್ಟು ಎಂಎಂ, ಇಂಪೀಡೆನ್ಸ್, ಅಂದ್ರೆ ಅದರ ವಿದ್ಯುತ್ ತಡೆ, ಎಷ್ಟು ಓಮ್ ಅಂತ ರಾತ್ರಿಯೆಲ್ಲ ರಿವ್ಯೂ ನೋಡ್ತೀವಿ, ಆದ್ರೆ ಕಿವಿಗೆ ತಾಗೋದು ಯಾವ್ದು ಸ್ವಾಮಿ, ಆ ದುಂಡನೆ ದಿಂಬು ತಾನೆ, ಅದನ್ನ ವಿಚಾರಿಸೋರೇ ಇಲ್ಲ. ಹರಿದಾಗ್ಲೇ ಅದರ ನೆನಪು.

ನಮ್ಮ ಸೆಕೆಗೆ ಹರಿಯೋದಂತೂ ಗ್ಯಾರಂಟಿ. ಡಬ್ಬದ ಮೇಲೆ ಪ್ರೋಟೀನ್ ಲೆದರ್ ಅಂತ ಎಷ್ಟೇ ಗತ್ತಾಗಿ ಬರ್ದಿದ್ರೂ ಅದು ರೆಕ್ಸಿನ್ ವಂಶದ್ದೇ, ಮೇಲಿನ ಪಾಲಿಯುರೆಥೇನ್ ಪದರ ಬೆವರಿಗೆ, ಗಾಳಿಯ ತೇವಕ್ಕೆ ನಿಧಾನಕ್ಕೆ ಒಡೆದು ಚಕ್ಕೆಚಕ್ಕೆಯಾಗಿ ಉದುರತ್ತೆ, ಬಳಸದೆ ಬೀರುವಲ್ಲಿ ಇಟ್ರೂ ಬಿಡಲ್ಲ. ನನ್ನ ಹಳೇ ಸೆಟ್ ಈ ಸ್ಥಿತಿಗೆ ಬಂದಾಗ ಅಮ್ಮ "ಏನೋ ಅದು ಕಿವಿ ಸುತ್ತ ಮಸಿ, ತೊಳ್ಕೊಂಡು ಊಟಕ್ಕೆ ಬಾ" ಅಂತಿದ್ರು.

ಸರಿ, ವೆಲೂರ್ ಪ್ಯಾಡ್ ತರಿಸಿ ಹಾಕಿದೆ, ಅದೇ ಮಖಮಲ್ ಥರದ್ದು. ಆಹಾ, ಕಿವಿ ಬೇಯೋದು ನಿಲ್ತು. ಆದ್ರೆ ಒಂದು ಹಳೇ ಕಛೇರಿ ರೆಕಾರ್ಡಿಂಗ್ ಹಾಕಿದ್ರೆ ಮೃದಂಗದ ಎಡಗೈ ಗುಮ್ಕಿ, ಅದೇ ಆ ಗುಂ ಅನ್ನೋ ತಗ್ಗು ನಾದ, ನಾಪತ್ತೆ! ಡ್ರೈವರ್ ಅದೇ, ಫೋನ್ ಅದೇ, ಎರಡೂ ಕೈಲಿ ಕಪ್ ಒತ್ತಿ ಹಿಡಿದ್ರೆ ಗುಮ್ಕಿ ವಾಪಸ್, ಬಿಟ್ರೆ ಮತ್ತೆ ಮಾಯ. ವಿಷಯ ಇಷ್ಟೇ, ಕ್ಲೋಸ್ಡ್ ಬ್ಯಾಕ್, ಅಂದ್ರೆ ಕಪ್ಪಿನ ಹಿಂಬದಿ ಮುಚ್ಚಿರೋ ಹೆಡ್‌ಫೋನಲ್ಲಿ ಪ್ಯಾಡು ಕಿವಿ ಸುತ್ತ ಗಾಳಿನ ಬಿಗಿಯಾಗಿ ಕೂಡಿಹಾಕಿದ್ರೇನೇ ಬೇಸ್, ಅಂದ್ರೆ ತಗ್ಗು ದನಿ, ಬರೋದು, ಬಟ್ಟೆಯೊಳಗಿಂದ ಸೋರಿದ್ರೆ ಮೊದ್ಲು ಜಾರ್ಕೊಳೋದೇ ಅದು. ಕನ್ನಡಕದ ಕಡ್ಡಿ ಎತ್ತಿ ಹಿಡಿಯೋ ಸಣ್ಣ ಸಂದೀನೂ ಸಾಕು. ಮೃದಂಗದವರು ಎಡಗಡೆಗೆ ಕಲಸಿದ ರವೆ ಮೆತ್ತಿ ನಾದ ತುಂಬ್ಕೋತಾರಲ್ಲ, ಚಿಟಿಕೆಯಷ್ಟು ಸಾಮಾನು ಇಡೀ ವಾದ್ಯ ಬದಲಾಯಿಸತ್ತೆ, ಇದೂ ಹಾಗೇನೆ.

ಹಾಗಂತ ವೆಲೂರನ್ನೇ ಬಯ್ಯಂಗಿಲ್ಲ. ಜರ್ಮನಿಯ ಬೇಯರ್‌ಡೈನಾಮಿಕ್ ಡಿಟಿ 770 ಪ್ರೋ, 80 ಓಮ್‌ದು, ಕ್ಲೋಸ್ಡ್ ಆದ್ರೂ ವೆಲೂರಲ್ಲೇ ಬರತ್ತೆ, ಬೇಸೂ ಜೋರಾಗೇ ಇದೆ, ಯಾಕಂದ್ರೆ ಆ ಪ್ಯಾಡ್ ಇಟ್ಕೊಂಡೇ ಟ್ಯೂನ್ ಮಾಡಿರೋದು. ಬೇರೆಯದಕ್ಕೆ ಮಾಡಿದ ದಿಂಬನ್ನ ಇದಕ್ಕೆ ಹಾಕಿದ್ರೆ ಜಾತಕ ಕೂಡದೇ ಇರ್ಬಹುದು.

ದಪ್ಪದ್ದು ಇನ್ನೊಂದು ಕಥೆ. ದಪ್ಪ ಪ್ಯಾಡ್ ಹಾಕಿದ್ರೆ ಡ್ರೈವರ್ ಕಿವಿಯಿಂದ ದೂರ ಹೋಗತ್ತೆ, ಹಾಲ್ ದೊಡ್ಡದಾದಂಗೆ ಅನ್ಸತ್ತೆ ಆದ್ರೆ ಎಷ್ಟೋ ಸಲ ಹಾಡೋರೂ ಎರಡು ಸಾಲು ಹಿಂದೆ ಸರೀತಾರೆ. ಸ್ಪಂಜು ಕುಗ್ಗಿ ಚಪ್ಪಟೆಯಾದ್ರೆ ಉಲ್ಟಾ, ಕಿವಿ ಒಳಗಿನ ಜಾಲರಿಗೆ ತಾಗಿ ಉರಿ ಬೇರೆ. ಇದರಲ್ಲಿ ಹುಚ್ಚು ಹಿಡಿದೋರೂ ಇದಾರೆ, ಸೆನ್‌ಹೈಸರ್ 1968ರಲ್ಲಿ ಬಿಟ್ಟ ಎಚ್‌ಡಿ 414ರ ಹಳದಿ ಸ್ಪಂಜಿನ ಪ್ಯಾಡನ್ನ ಅಮೆರಿಕದ ಗ್ರಾಡೋ ಹೆಡ್‌ಫೋನಿಗೆ ಹಾಕಿ, ಟ್ರೆಬಲ್, ಅಂದ್ರೆ ಮೇಲಿನ ಚುರುಕು ದನಿ, ಮಂಕಾಯ್ತು ಅಂತ ನಡುವೆ ಅಲ್ಲಿನ ಕ್ವಾರ್ಟರ್ ನಾಣ್ಯದಷ್ಟು ತೂತು ಕತ್ತರಿಸ್ಕೊಂಡು ಕೇಳೋರು!

ನನಗೆ ಅಷ್ಟು ತಾಳ್ಮೆ ಇಲ್ಲ. ಸೆಕೆಗಾಲಕ್ಕೆ ವೆಲೂರ್ ಹಾಕ್ಕೊಂಡು ಈಕ್ವಲೈಜರಲ್ಲಿ ಬೇಸ್ ಚೂರು ಏರಿಸ್ಕೋತೀನಿ, ಶುದ್ಧವಾದಿಗಳು ಬೈಕೊಳ್ಳಲಿ ಬಿಡಿ, ಮೂರು ಗಂಟೆ ಮೀಟಿಂಗಲ್ಲಿ ಕಿವಿ ಬೇಯೋದು ಅವರದ್ದಲ್ಲ. ಚಳಿ ಬಿದ್ಮೇಲೆ ಕುರಿ ಚರ್ಮದ್ದು.