ತಪ್ಪಾ?

ಮಂಗಳವಾರ ಬೆಳಿಗ್ಗೆ ಹಾಲು ತರಲೆಂದು ಇಳಿದವನು ಹಾಗೇ ಬೇಸ್‌ಮೆಂಟಿನ ಕಡೆ ಹೋದೆ. ಕಾರಿನ ಮುಂದಿನ ಗಾಜಿನ ಮೇಲೆ, ಓಡಿಸುವವನ ಕಣ್ಣಿನ ನೇರಕ್ಕೆ, ಅಂಗೈ ಅಗಲದ ಹಳದಿ ಸ್ಟಿಕರ್ ಒಂದು ಅಂಟಿಕೊಂಡಿತ್ತು. ಅದರ ಮೇಲೆ ಕೆಂಪು ಅಕ್ಷರದಲ್ಲಿ 'ತಪ್ಪಾಗಿ ನಿಲ್ಲಿಸಿದ್ದೀರಿ' ಎಂದಿತ್ತು. ಕೆಳಗೆ ನಮ್ಮ ನಿವಾಸಿಗಳ ಸಂಘದ ಮೊಹರು.

ನಾನು ನಿಲ್ಲಿಸಿದ್ದು ನನ್ನದೇ ಜಾಗದಲ್ಲಿ. ಹನ್ನೊಂದು ವರ್ಷದಿಂದ ಅದೇ ಜಾಗ, ಪಕ್ಕದಲ್ಲಿ ಅದೇ ಕಂಬ. ಆ ಕಂಬದ ಸುಣ್ಣ ನನ್ನ ಕಾರಿನ ಮೇಲೂ, ನನ್ನ ಕಾರಿನ ಬಣ್ಣ ಆ ಕಂಬದ ಮೇಲೂ ಅಷ್ಟಿಷ್ಟು ಇದೆ. ಅಂಥ ಸಂಬಂಧ ನಮ್ಮದು. ಹಾಗಿದ್ದಮೇಲೆ ತಪ್ಪು ಎಲ್ಲಿಂದ ಬಂತು?

ಸೆಕ್ಯೂರಿಟಿಯವನನ್ನು ಕರೆದೆ. ಅವನು ಯಾದಗಿರಿ ಕಡೆಯವನು. "ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ ಸರ್. ಮಾರಿ ಒಳಗ ಇದ್ದ ಗಾಡಿಗೆಲ್ಲ ಅಂಟಿಸು ಅಂತ ಕಮಿಟಿಯವ್ರು ಹೇಳ್ಯಾರ" ಎಂದ. ಮಾರಿ ಒಳಗೆ ಎಂದರೆ ನಮ್ಮ ಕಡೆಯವರಿಗೆ ಬೇರೆಯೇ ಅರ್ಥ. ಅವನು ಹೇಳಿದ್ದು ಮುಖ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಕಾರಿನ ಮುಖ ಗೋಡೆಯ ಕಡೆಗಿತ್ತು. ಅದೇ ತಪ್ಪು.

ಇದರ ಹಿಂದಿನ ಕಥೆ ಇಷ್ಟು. ಮೊದಲು ಯಾರು ಹೇಗೆ ಬೇಕಾದರೂ ನಿಲ್ಲಿಸುತ್ತಿದ್ದೆವು. ಹೋದ ವರ್ಷದ ಕಮಿಟಿ, ಬೆಂಕಿಗಿಂಕಿ ಬಿದ್ದರೆ ಬೇಗ ಹೊರಡಲು ಅನುಕೂಲ ಎಂದು, ಎಲ್ಲ ಕಾರುಗಳ ಮುಖ ಹೊರಗಿರಬೇಕು ಎಂದಿತು. ಅರವತ್ತು ದಾಟಿದ ನಾವೆಲ್ಲ ಕತ್ತು ತಿರುಗಿಸಿ ರಿವರ್ಸ್ ಹಾಕುವುದನ್ನು ಕಲಿತೆವು. ಆಮೇಲೆ ನೆಲಮಹಡಿಯವರು ಹೊಗೆ ಹೊಗೆ ಎಂದರು. ಬೇಸ್‌ಮೆಂಟಿನ ಗಾಳಿಕಿಂಡಿಗೆ ಸರಿಯಾಗಿ ಮೇಲೆ ಅವರ ಮಲಗುವ ಕೋಣೆಯ ಕಿಟಕಿ. ನ್ಯಾಯವೇ. ಹಾಗಾಗಿ ಮುಖ ಒಳಗೆ ಬಂತು. ಈಗ ಹೊಸ ಕಮಿಟಿ. ಭಾನುವಾರ ಸಭೆ ಮಾಡಿ ಮತ್ತೆ ಮುಖ ಹೊರಗೆ ಮಾಡಿದ್ದಾರೆ. ಕಾರಣ ಬರೆದಿಲ್ಲ. ಹೊಸ ಕಮಿಟಿ ಎನ್ನುವುದೇ ಕಾರಣ ಇರಬೇಕು. ನಾನು ಭಾನುವಾರ ಹಾಸನದಲ್ಲಿದ್ದೆ. ಸೋಮವಾರ ರಾತ್ರಿ ಬಂದವನು ಹಳೆಯ ನಿಯಮದ ಪ್ರಕಾರ ಶಿಸ್ತಾಗಿ ಮೂತಿ ಗೋಡೆಗೆ ಮಾಡಿ ನಿಲ್ಲಿಸಿದ್ದೆ.

ನಮ್ಮಲ್ಲಿ 64 ಮನೆ, 58 ಜಾಗ, 81 ಕಾರು. ಜಗಳಕ್ಕೆ ಬೇಕಾದ ಸಾಮಾನು ಇಷ್ಟರಲ್ಲೇ ಇದೆ. ಆದರೆ ಅಸಲು ವಿಷಯ ಇದಲ್ಲ. ಈ ಪಾರ್ಕಿಂಗ್ ಜಗಳಗಳ ಹಿಂದೆ ಮನುಷ್ಯನ ಸ್ವಭಾವದ ಬಗ್ಗೆ ಒಂದು ದೊಡ್ಡ ಸಂಗತಿ ಅಡಗಿದೆ. ನನಗೆ ಅದು ಅವತ್ತು ಬೇಸ್‌ಮೆಂಟಿನಲ್ಲಿ ಹಾಲಿನ ಪ್ಯಾಕೆಟ್ ಹಿಡಿದು ನಿಂತಿದ್ದಾಗ ಪಕ್ಕನೆ ಹೊಳೆಯಿತು. ಅದನ್ನು ಹೇಳಲೆಂದೇ ಬರೆಯಲು ಕೂತಿದ್ದೇನೆ. ಮೊದಲು ಆ ಸ್ಟಿಕರ್ ವಿಚಾರ ಮುಗಿಸಿಬಿಡುತ್ತೇನೆ.

ಕೀಳೋಣ ಎಂದು ಉಗುರು ಹಾಕಿದೆ. ಬಲಗಡೆಯಿಂದ ಶುರು ಮಾಡಿದೆ. 'ನಿಲ್ಲಿಸಿದ್ದೀರಿ' ಎನ್ನುವುದು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸಲೀಸಾಗಿ ಬಂತು. ಖುಷಿಯಾಯಿತು. ಹಿಂದೆಯೇ 'ಗಿ' ಬಂತು. ಅಲ್ಲಿಗೆ ನಿಂತಿತು. ಆಮೇಲೆ ಎಷ್ಟು ಕೆರೆದರೂ ಕಾಗದದ ಮೇಲ್ಪದರದ ಪುಡಿ ಬಂತೇ ಹೊರತು ಅಕ್ಷರ ಅಲ್ಲಾಡಲಿಲ್ಲ. ಗಾಜಿನ ಮೇಲೆ ಉಳಿದದ್ದು 'ತಪ್ಪಾ' ಎಂಬ ಎರಡೇ ಅಕ್ಷರ.

ಅಲ್ಲಿಯತನಕ ಅದು ಆರೋಪವಾಗಿತ್ತು. ಈಗ ಪ್ರಶ್ನೆಯಾಯಿತು. ಹೆಂಡತಿ ನೋಡಿ, "ಕೇಳ್ತಾ ಇದೆಯಲ್ಲ ರೀ, ಉತ್ತರ ಕೊಡಿ" ಎಂದಳು.

ಅಂದಿನಿಂದ ನಾನು ಊರೆಲ್ಲ 'ತಪ್ಪಾ' ಎಂದು ಕೇಳಿಕೊಂಡು ಓಡಾಡಿದೆ. ಸಿಗ್ನಲ್‌ನಲ್ಲಿ ಪಕ್ಕದ ಆಟೊದವರು ಕತ್ತು ಚಾಚಿ ಓದುತ್ತಿದ್ದರು. ಒಬ್ಬ, "ಬಿಡಿ ಸಾರ್, ಏನಾಗಲ್ಲ" ಎಂದು ಸಮಾಧಾನ ಹೇಳಿ ಹೋದ. ಬನಶಂಕರಿಯಲ್ಲಿ ಟ್ರಾಫಿಕ್ ಪೊಲೀಸರೊಬ್ಬರು ಸುಮ್ನೆ ಕೈ ಅಡ್ಡ ಹಾಕಿದರು. "ಯಾರನ್ನ ಕೇಳ್ತಿದೀರಾ ಸಾರ್?" ಎಂದು ನಗುತ್ತಾ ಬಂದವರು, ಬಂದದ್ದು ಬಂದೆ ಎಂದು ಕಾಗದ ಪತ್ರ ಕೇಳಿದರು. ಹೊಗೆ ತಪಾಸಣೆಯ ಸರ್ಟಿಫಿಕೇಟು ನಾಲ್ಕು ದಿನದ ಹಿಂದೆ ಮುಗಿದಿತ್ತು. ಅದು ಬೇರೆ ವಿಷಯ. ಆ ಸ್ಟಿಕರ್ ಇಲ್ಲದಿದ್ದರೆ ಅವರು ನನ್ನನ್ನು ನಿಲ್ಲಿಸುತ್ತಲೇ ಇರಲಿಲ್ಲ ಎನ್ನುವುದಷ್ಟೇ ನನ್ನ ವಾದ.

ಗಾಜಿನ ಮೇಲೆ ಅಂಟಿದ್ದನ್ನು ತೆಗೆಯುವುದು ಹೇಗೆ ಎಂಬ ವಿದ್ಯೆ ಈ ನಾಡಿನಲ್ಲಿ ಎಲ್ಲರಿಗೂ ಗೊತ್ತಿದೆ. ನನಗೊಬ್ಬನಿಗೆ ಮಾತ್ರ ಗೊತ್ತಿರಲಿಲ್ಲ. ಮಗಳು ಉಗುರುಬಣ್ಣ ಅಳಿಸುವ ದ್ರಾವಣ ಕೊಟ್ಟಳು. ಕೆಂಪು ಕರಗಿ ಸುತ್ತಲೂ ಹರಡಿ, ಕಾರಿಗೆ ಕುಂಕುಮದ ಪೂಜೆ ಮಾಡಿದ ಹಾಗಾಯಿತು. ಎದುರುಮನೆಯ ಹುಡುಗ ಹೇರ್ ಡ್ರೈಯರ್ ತಂದ. ಅದರ ವೈರು ಲಿಫ್ಟಿನ ಬಳಿಯ ಪ್ಲಗ್ಗಿನಿಂದ ನನ್ನ ಕಾರಿನತನಕ ಬರಲಿಲ್ಲ. ಕಾರನ್ನೇ ಲಿಫ್ಟಿನ ಬಳಿ ತಂದೆ. ಅಲ್ಲಿ ನಿಲ್ಲಿಸಿದ್ದಕ್ಕೆ ಇನ್ನೊಂದು ಸ್ಟಿಕರ್ ಬೀಳುತ್ತಿತ್ತು, ಸೆಕ್ಯೂರಿಟಿಯವನು ಸಿಬ್ಬಂದಿಯ ಊಟಕ್ಕೆ ಹೋಗಿದ್ದರಿಂದ ಬಚಾವಾದೆ. ಸೀಮೆಎಣ್ಣೆ ಅತ್ಯುತ್ತಮ ಎಂದು ಮೂರು ಜನ ಹೇಳಿದರು. ಬೆಂಗಳೂರಿನಲ್ಲಿ ಈಗ ಸೀಮೆಎಣ್ಣೆ ಎಲ್ಲಿ ಸಿಗುತ್ತದೆ ಎಂದು ಮೂವರಲ್ಲಿ ಒಬ್ಬರೂ ಹೇಳಲಿಲ್ಲ.

ಆ ವಾರವೇ ತಿಪಟೂರಿನಲ್ಲಿ ಮದುವೆ. ಛತ್ರದ ಮುಂದೆ ಕಾರು ನಿಲ್ಲಿಸುತ್ತಿದ್ದ ಹಾಗೆ ಸೋದರಮಾವ ಗಾಜು ನೋಡಿದರು. ತಿಪಟೂರಿನವರಿಗೆ ಜಗತ್ತಿನ ಯಾವ ಕಷ್ಟಕ್ಕೂ ಪರಿಹಾರ ಕೊಬ್ಬರಿಯಲ್ಲೇ ಇರುತ್ತದೆ. "ಗಾಣದ ಕೊಬ್ಬರಿ ಎಣ್ಣೆ ಹಚ್ಚಿ ಬಿಡು. ಊಟ ಮುಗಿಸಿ ಬರೋದ್ರೊಳಗೆ ತಾನೇ ಬಿಟ್ಟಿರುತ್ತೆ" ಎಂದು ಹೇಳಿ ಮನೆಯಿಂದ ಒಂದು ಲೋಟ ಎಣ್ಣೆ ತರಿಸಿದರು. ಒಂದು ಚಮಚ ಸಾಕಿತ್ತು. ಆದರೆ ಮಾವ ಜಿಪುಣರಲ್ಲ. ತಾವೇ ನಿಂತು, ಮದುಮಗನಿಗೆ ಎಣ್ಣೆ ಶಾಸ್ತ್ರ ಮಾಡಿದ ಹಾಗೆ, ಗಾಜಿಗೆ ಧಾರಾಳವಾಗಿ ಹಚ್ಚಿದರು.

ಊಟವಾಯಿತು, ಎಲೆಅಡಿಕೆ ಆಯಿತು. ಬಂದು ಕೆರೆದರೆ 'ತಪ್ಪಾ' ಎಣ್ಣೆ ಕುಡಿದು ಇನ್ನೂ ಹೊಳೆಯುತ್ತಿತ್ತು. ಬಟ್ಟೆಯಲ್ಲಿ ಒರೆಸಿ ಹೊರಟೆ. ಗುಬ್ಬಿ ಹತ್ತಿರ ಮಳೆ ಬಂತು. ವೈಪರ್ ಹಾಕಿದೆ. ಅಲ್ಲಿಯತನಕ ಗಾಜಿನ ಒಂದು ಮೂಲೆಯಲ್ಲಿದ್ದ ಮಾವನ ಪ್ರೀತಿ ಇಡೀ ಗಾಜಿಗೆ ಹರಡಿತು. ರಸ್ತೆಯೂ ಕಾಣದು, ಎದುರಿನ ಲಾರಿಯೂ ಕಾಣದು. ದೀಪಗಳೆಲ್ಲ ದೀಪಾವಳಿಯ ಹೂಕುಂಡದ ಹಾಗೆ ಸಿಡಿಯುತ್ತಿದ್ದವು. ಹೆಂಡತಿ ಕಿಟಕಿಯಿಂದ ತಲೆ ಹೊರಗೆ ಹಾಕಿ "ಬಲಕ್ಕೆ, ಬಲಕ್ಕೆ" ಎಂದು ದಾರಿ ಹೇಳಿದಳು. ರೇಷ್ಮೆ ಸೀರೆ ಉಟ್ಟಿದ್ದಳು ಎನ್ನುವುದನ್ನು ನಾನು ನೆನಪಿಸಬೇಕಾಗಿಲ್ಲ, ಅವಳೇ ಈಗಲೂ ನೆನಪಿಸುತ್ತಾಳೆ. ಹೇಗೋ ಒಂದು ಹೋಟೆಲಿನ ಮುಂದೆ ನಿಲ್ಲಿಸಿದೆ. ಅಲ್ಲಿನ ಹುಡುಗ ಪಾತ್ರೆ ತೊಳೆಯುವ ಪುಡಿ ತಂದು, ಇಡ್ಲಿ ಪಾತ್ರೆ ಉಜ್ಜುವ ರಭಸದಲ್ಲಿ ಗಾಜು ಉಜ್ಜಿದ. ಎಣ್ಣೆ ಹೋಯಿತು. 'ತ' ಹೋಯಿತು. 'ಪ್ಪಾ' ಉಳಿಯಿತು.

"ಇದು ಯಾರ್ ಅಂಟಿಸಿದ್ದು ಸಾರ್, ಒಳ್ಳೆ ಕೆಲಸಗಾರ" ಎಂದ ಆ ಹುಡುಗ.

ನನಗೆ ಸಿಟ್ಟು ಬಂದದ್ದು ಆಗಲೇ. ನಮ್ಮ ಸಂಘ ಹನ್ನೊಂದು ವರ್ಷದಲ್ಲಿ ಮಾಡಿಸಿದ ಕೆಲಸಗಳಲ್ಲಿ ಸರಿಯಾಗಿ ಅಂಟಿಕೊಂಡದ್ದು ಇದೊಂದೇ. ಟೆರೇಸಿಗೆ ಹಾಕಿಸಿದ ವಾಟರ್‌ಪ್ರೂಫಿಂಗ್ ಒಂದು ಮಳೆಗಾಲ ತಡೆಯಲಿಲ್ಲ. ಮೆಟ್ಟಿಲಿನ ಟೈಲ್ಸ್ ಈಗಲೂ ಕಾಲಿಟ್ಟರೆ ಟಕಟಕ ಎನ್ನುತ್ತವೆ. ಇಷ್ಟು ಒಳ್ಳೆಯ ಗೋಂದು ಇವರ ಹತ್ತಿರ ಇದ್ದರೆ ಮೊದಲು ಅಲ್ಲಿಗೆ ಹಾಕಬಾರದಿತ್ತೇ?

ಅವತ್ತು ರಾತ್ರಿ ತಂಗಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. ಅವಳಿರುವುದು ಅಮೆರಿಕದ ಅರಿಜೋನಾದ ಚಾಂಡ್ಲರ್‌ನಲ್ಲಿ. ಅಲ್ಲಿಯೂ ಮನೆಮಾಲೀಕರ ಸಂಘ ಇದೆ. ಕಸದ ಡಬ್ಬಿ ಒಂದು ರಾತ್ರಿ ಜಾಸ್ತಿ ಹೊರಗಿದ್ದರೆ ಪತ್ರ ಬರುತ್ತದಂತೆ, 'ಪ್ರಿಯ ಮನೆಮಾಲೀಕರೇ' ಎಂದು. "ನಮ್ಮ ಹತ್ತಿರ ಪಾರ್ಕಿಂಗ್ ಗಲಾಟೆ ಅಸೆಂಬ್ಲಿತನಕ ಹೋಗಿತ್ತು ಅಣ್ಣ" ಎಂದಳು. ರಸ್ತೆ ಊರಿನದು, ಅದರ ಮೇಲೆ ಕಾರು ನಿಲ್ಲಿಸಬೇಡ ಎನ್ನಲು ಸಂಘ ಯಾರು ಎಂಬ ತಕರಾರು. ಅದಕ್ಕೆ ಅರಿಜೋನಾ 2023ರಲ್ಲಿ ಒಂದು ಕಾನೂನು ಮಾಡಿತು. ಹಳೆಯ ಸಂಘಗಳು ಸಾರ್ವಜನಿಕ ರಸ್ತೆಯ ಪಾರ್ಕಿಂಗ್ ಮೇಲೆ ಹತೋಟಿ ಇಟ್ಟುಕೊಳ್ಳಬೇಕೆಂದರೆ 2025ರ ಜೂನ್ 30ರೊಳಗೆ ಸದಸ್ಯರಿಂದ ಮತ ಹಾಕಿಸಿಕೊಳ್ಳಬೇಕು. ಇಲ್ಲದಿದ್ದರೆ ಹತೋಟಿ ಹೋಯಿತು. ಎಂಥ ಚಂದದ ಕಾನೂನು! ನಮ್ಮಲ್ಲಿ ಸಂಘಕ್ಕೆ ಒಂದು ಗಡುವು ಕೊಟ್ಟು ನೋಡಿ. ಕೋರಂ ಆಗುವಷ್ಟು ಜನ ಕೂಡುವುದರೊಳಗೆ ಗಡುವು ಮುಗಿದಿರುತ್ತದೆ.

ನಮ್ಮ ರಸ್ತೆಯ ಮೇಲೂ ಹತೋಟಿ ಇದೆ, ಆದರೆ ಅದನ್ನು ಯಾರೂ ಮತ ಹಾಕಿ ಕೊಟ್ಟಿದ್ದಲ್ಲ. ಎದುರು ಸಾಲಿನ ಮನೆಗಳವರು ಪೇಂಟಿನ ಡಬ್ಬಕ್ಕೆ ಸಿಮೆಂಟ್ ತುಂಬಿ, ಮಧ್ಯೆ ಒಂದು ಕಬ್ಬಿಣದ ಸರಳು ನೆಟ್ಟು, ರಸ್ತೆಯಲ್ಲಿಟ್ಟಿದ್ದಾರೆ. ಇನ್ನು ಕೆಲವರದ್ದು ಹೂವಿನ ಕುಂಡ. ಒಬ್ಬರು ತುಳಸಿಯನ್ನೇ ಇಟ್ಟಿದ್ದಾರೆ, ಯಾರಿಗೆ ಸರಿಸುವ ಧೈರ್ಯ ಬಂದೀತು? 2021ರಲ್ಲಿ ಪಾಲಿಕೆಯ ಪಾರ್ಕಿಂಗ್ ನೀತಿ ಬಂದಾಗ, ಮನೆ ಮುಂದಿನ ರಸ್ತೆಯಲ್ಲಿ ನಿಲ್ಲಿಸಲು ಸಣ್ಣ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ದೊಡ್ಡದಕ್ಕೆ 5,000 ರೂಪಾಯಿ ಎಂದು ಪತ್ರಿಕೆಯಲ್ಲಿ ಓದಿ ಗಾಬರಿಯಾಗಿದ್ದೆವು. ಆಮೇಲೆ ಪಾಲಿಕೆಯೇ ಹೋಗಿ 2025ರಲ್ಲಿ ಐದು ಪಾಲಿಕೆಗಳಾದವು. ತುಳಸಿ ಅಲ್ಲೇ ಇದೆ.

ಸರಿ, ವಿಷಯಕ್ಕೆ ಬರುತ್ತೇನೆ. ಬೇಸ್‌ಮೆಂಟಿನಲ್ಲಿ ನನಗೆ ಹೊಳೆದ ಆ ದೊಡ್ಡ ಸಂಗತಿಯನ್ನು ಮುಂದಿನ ಭಾನುವಾರದ ಸಭೆಯಲ್ಲೇ ಹೇಳಬೇಕೆಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. ಸಭೆಯ ಮೊದಲ ವಿಷಯ ಗಣೇಶನ ಚಂದಾ. ಎರಡನೆಯದು ಟ್ಯಾಂಕರ್ ನೀರಿನ ದರ. ಪಾರ್ಕಿಂಗ್ ಮೂರನೆಯದು. ಅದು ಬರುತ್ತಿದ್ದ ಹಾಗೆ ಬಿ ಬ್ಲಾಕಿನ ವಕೀಲರು ಎದ್ದರು. ಅವರ ಹತ್ತಿರ 2010ರ ಸುಪ್ರೀಂ ಕೋರ್ಟ್ ತೀರ್ಪಿನ ಜೆರಾಕ್ಸ್ ಸದಾ ಇರುತ್ತದೆ. ಮುಂಬಯಿಯ ಒಂದು ಹೌಸಿಂಗ್ ಸೊಸೈಟಿಯ ಮೊಕದ್ದಮೆ ಅದು. ಕಟ್ಟಡದ ಕೆಳಗಿನ ಪಾರ್ಕಿಂಗ್ ಜಾಗವನ್ನು ಬಿಲ್ಡರ್ ಬೇರೆಯಾಗಿ ಮಾರುವ ಹಾಗಿಲ್ಲ ಎಂದು ತೀರ್ಪಾಯಿತು. ನಮ್ಮ ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಕಾಯಿದೆಯೂ ಪಾರ್ಕಿಂಗ್ ಜಾಗವನ್ನು ಎಲ್ಲರಿಗೂ ಸೇರಿದ ಜಾಗಗಳ ಪಟ್ಟಿಯಲ್ಲೇ ಇಟ್ಟಿದೆ ಎಂದು ಅವರು ಓದಿ ಹೇಳಿದರು. ಹಾಗಾದರೆ ನಾವೆಲ್ಲ ಬಿಲ್ಡರಿಗೆ ತಲಾ ಒಂದೂವರೆ ಲಕ್ಷ ಕೊಟ್ಟದ್ದು ಯಾತಕ್ಕೆ ಎಂದು ಒಬ್ಬರು ಕೇಳಿದರು. ನಮ್ಮ ಸಂಘ ನೋಂದಣಿಯಾದದ್ದೇ 1960ರ ಸಂಘಗಳ ಕಾಯಿದೆಯಲ್ಲಿ, 1972ರದ್ದರಲ್ಲಿ ಅಲ್ಲ ಎಂದು ಇನ್ನೊಬ್ಬರು ನೆನಪಿಸಿದರು. ಅಲ್ಲಿಂದ ಮುಂದಿನ ಮುಕ್ಕಾಲು ಗಂಟೆ ಕಾರಿನ ಮುಖ ಯಾರಿಗೂ ನೆನಪಾಗಲಿಲ್ಲ.

ನಾನು ಕೈ ಎತ್ತಿದೆ. ಕಾರ್ಯದರ್ಶಿಯವರು "ಒಂದು ನಿಮಿಷ ಅಂಕಲ್" ಎಂದರು. ಅವರಿಗೂ ನನಗೂ ಹೆಚ್ಚೆಂದರೆ ಎಂಟು ವರ್ಷದ ಅಂತರ. ಆ ಹೊತ್ತಿಗೆ ಕೇಸರಿಬಾತು, ಕಾಫಿ ಬಂತು. ಎಲ್ಲರೂ ಎದ್ದರು. ಬರೆದುಕೊಂಡಿದ್ದ ಹಾಳೆಯ ಮೇಲೆ ನಾನು ಕೇಸರಿಬಾತಿನ ತಟ್ಟೆ ಇಟ್ಟೆ. ತುಪ್ಪ ಚೆನ್ನಾಗಿ ಬಿದ್ದಿತ್ತು. ಅಕ್ಷರಗಳು ಈಗ ಓದಲು ಬರುತ್ತಿಲ್ಲ. ನೆನಪಿನಿಂದ ಬರೆಯೋಣ ಎಂದರೆ, ಮಾರುತಿ 800ರ ಅಗಲ 1.44 ಮೀಟರ್, ನನ್ನ ಪಕ್ಕದ ಜಾಗಕ್ಕೆ ಬಂದಿರುವ ಹೊಸ ಇನ್ನೋವಾ ಹೈಕ್ರಾಸ್‌ನ ಅಗಲ 1.85 ಮೀಟರ್, ನಮ್ಮ ಗೆರೆಗಳ ನಡುವೆ ಇರುವುದು ಎರಡೂವರೆ ಮೀಟರ್ ಎನ್ನುವ ಲೆಕ್ಕ ಮಾತ್ರ ನೆನಪಿದೆ. ಅದರಿಂದ ಮನುಷ್ಯಸ್ವಭಾವದ ಕಡೆಗೆ ಹೇಗೆ ಹೋಗಿದ್ದೆನೋ ಹೊಳೆಯುತ್ತಿಲ್ಲ. ಆ ಇನ್ನೋವಾ ಬಂದಮೇಲೆ ನಾನು ಎಡಗಡೆಯ ಬಾಗಿಲಿಂದ ಹತ್ತಿ, ಗೇರಿನ ಮೇಲೆ ಹಾಯ್ದು, ನನ್ನ ಸೀಟಿಗೆ ಬರುತ್ತೇನೆ ಎನ್ನುವುದಂತೂ ನಿಜ.

ಕಾರು ಈಗ ಮುಖ ಹೊರಗೆ ಮಾಡಿಯೇ ನಿಂತಿದೆ. ನೆಲಮಹಡಿಯವರು ಮತ್ತೆ ಹೊಗೆ ಎನ್ನಲು ಶುರು ಮಾಡಿದ್ದಾರೆ ಎಂದು ಸೆಕ್ಯೂರಿಟಿಯವನು ಹೇಳಿದ. 'ಪ್ಪಾ' ಮಾತ್ರ ಗಾಜಿನ ಮೇಲಿದೆ. ಪೆಟ್ರೋಲ್ ಬಂಕಿನ ಹುಡುಗನೊಬ್ಬ ನೀಲಗಿರಿ ಎಣ್ಣೆ ಹಚ್ಚಿದರೆ ಎಂಥ ಅಂಟೂ ಬಿಡುತ್ತದೆ ಎಂದ. ಒಂದು ಬಾಟಲಿ ತಂದು ಹಾಲ್‌ನಲ್ಲಿ ಇಟ್ಟಿದ್ದೆ. ಸಂಜೆ ನೋಡಿದರೆ ಇರಲಿಲ್ಲ. ಮಂಡಿನೋವಿಗೆ ಒಳ್ಳೆಯದು ಎಂದು ಅತ್ತೆಯವರು ತಮ್ಮ ಕೋಣೆಗೆ ತೆಗೆದುಕೊಂಡು ಹೋಗಿದ್ದಾರೆ.